ಯಾರ ಪಾದ ತೊಳೆಯೋಣ?

ಕುರುಬರಹಳ್ಳಿಯ ಕ್ರೈಸ್ತ ಬಂಧುಗಳೇ, ಕಡೆಯ ಭೋಜನದ ರಾತ್ರಿ ಪ್ರಭು ಏನು ಮಾಡಿದರೆಂದು ನಿಮಗೆ ಗೊತ್ತು. ಮೇಲಂಗಿ ತೆಗೆದಿಟ್ಟು, ಸೊಂಟಕ್ಕೆ ವಸ್ತ್ರ ಸುತ್ತಿ, ಬೋಗುಣಿಗೆ ನೀರು ಸುರಿದು, ಮನೆಯಾಳು ಮಾಡುವ ಕೆಲಸಕ್ಕೆ ಗುರುವೇ ಮಂಡಿಯೂರಿದರು. ತಮ್ಮನ್ನು ಹಿಡಿದುಕೊಡಲಿದ್ದವನ ಪಾದವನ್ನೂ ಬಿಡದೆ ತೊಳೆದರು. ಪವಿತ್ರ ಗುರುವಾರ ಚರ್ಚಿನಲ್ಲಿ ಹನ್ನೆರಡು ಮಂದಿಯನ್ನು ಸಾಲಾಗಿ ಕೂರಿಸಿ ಗುರುಗಳು ಪಾದ ತೊಳೆಯುವಾಗ ನಿಮ್ಮ ಕಣ್ಣು ತುಂಬಿ ಬರುತ್ತದೆ. ಆ ಕಣ್ಣೀರು ನಿಜವಾದದ್ದು. ಆದರೆ ಆ ಪಾದಗಳು ಮನೆಯಲ್ಲೇ ಸೋಪು ಹಚ್ಚಿ ತೊಳೆದುಕೊಂಡು ಬಂದವು. ತೊಳೆಯಲೇಬೇಕಾದ ಪಾದಗಳು ಬೇರೆಡೆ ಕಾಯುತ್ತಿವೆ, ದೂರವೇನಲ್ಲ.

ಬಸವೇಶ್ವರನಗರ ದಾಟಿ ಮಾಗಡಿ ರಸ್ತೆ ಹಿಡಿದರೆ ಸುಮನಹಳ್ಳಿ. ನಮಗೆ ಈಗ ಅದೊಂದು ಸಿಗ್ನಲ್ಲು, ಒಂದು ಸೇತುವೆ, ರಿಂಗ್ ರೋಡಿಗೆ ತಿರುಗುವ ಜಾಗ. 1970ರ ದಶಕದ ಕೊನೆಯಲ್ಲಿ ಸರ್ಕಾರ ಕೇಳಿಕೊಂಡಾಗ ಬೆಂಗಳೂರು ಮಹಾಧರ್ಮಕ್ಷೇತ್ರ ಅಲ್ಲಿ ಕುಷ್ಠರೋಗಿಗಳಿಗೆ ನೆಲೆ ಕಟ್ಟಿತು. ರಸ್ತೆಬದಿಯಲ್ಲಿ ಕೈಚಾಚುತ್ತಿದ್ದವರಿಗೆ ಮದ್ದು, ಸೂರು, ಹೊಲಿಗೆಯಂಥ ಕಸುಬು ಕೊಟ್ಟಿತು. ಅದಕ್ಕೂ ಬಹಳ ಮೊದಲು, 1890ರಲ್ಲಿ, ಜರ್ಮನ್ ಮೂಲದ ಫಾದರ್ ಅಗಸ್ಟಸ್ ಮುಲ್ಲರ್ ಮಂಗಳೂರಿನ ಕಂಕನಾಡಿಯಲ್ಲಿ ಇಂಥವರಿಗೆ ಬಾಗಿಲು ತೆರೆದಿದ್ದರು. ಈ ರೋಗವನ್ನು ಗುಣಪಡಿಸುವ ಮದ್ದು ಆಗ ಜಗತ್ತಿನಲ್ಲೇ ಇರಲಿಲ್ಲ. ಮುಟ್ಟುವ ಕೈ ಇತ್ತು. ಇಂದು ಮದ್ದಿದೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ಮುಟ್ಟುವ ಕೈ ಎಲ್ಲಿ ಹೋಯಿತು?

ಈ ರೋಗ ನೋವನ್ನೇ ಕದಿಯುತ್ತದೆ. ನರ ಸತ್ತ ಕೈ ಬಿಸಿ ಕಾಫಿಯ ಲೋಟವನ್ನು ಹಿಡಿದೇ ಇರುತ್ತದೆ, ಬೊಬ್ಬೆ ಎದ್ದ ಮೇಲೆಯೇ ಸುಟ್ಟದ್ದು ತಿಳಿಯುತ್ತದೆ. ಚಪ್ಪಲಿ ತೂರಿದ ಮೊಳೆಯ ಮೇಲೆ ಒಬ್ಬಾಕೆ ದಿನವಿಡೀ ನಡೆಯುತ್ತಾಳೆ, ಸಂಜೆ ನೆಲದ ಮೇಲೆ ರಕ್ತದ ಹೆಜ್ಜೆ ಕಂಡಾಗ ಬೆಚ್ಚುತ್ತಾಳೆ. ರೋಗ ವಾಸಿಯಾದರೂ ಸತ್ತ ನರಕ್ಕೆ ಮತ್ತೆ ಜೀವ ಬರುವುದು ಅಪರೂಪ. ಅದಕ್ಕೇ ಆ ಪಾದವನ್ನು ದಿನವೂ ನೀರಿನಲ್ಲಿ ನೆನೆಸಬೇಕು, ಗಡುಸಾದ ಚರ್ಮ ಉಜ್ಜಬೇಕು, ಎಣ್ಣೆ ಸವರಬೇಕು, ಗಾಯವಾಗಿದೆಯೇ ಎಂದು ಅಂಗಾಲು ನೋಡಬೇಕು. ಮಡಚಿಹೋದ ಬೆರಳಿನ, ಮಂಜಾದ ಕಣ್ಣಿನ ಮುದುಕಿ ತನ್ನ ಅಂಗಾಲನ್ನು ತಾನೇ ನೋಡಿಕೊಳ್ಳುವುದು ಹೇಗೆ? ಇನ್ನೊಬ್ಬರು ಮಂಡಿಯೂರಿ ಕೂರಲೇಬೇಕು. ಪ್ರಭು ಆ ರಾತ್ರಿ ಮಾಡಿದ್ದೇ ಇಲ್ಲಿ ಚಿಕಿತ್ಸೆ.

ನಿಮಗೆ ಗೊತ್ತು. ಮದ್ದು ಶುರುವಾದ ಕೆಲವೇ ದಿನಗಳಲ್ಲಿ ಈ ರೋಗ ಇನ್ನೊಬ್ಬರಿಗೆ ಹರಡುವುದಿಲ್ಲವೆಂದು ಗೊತ್ತು. ಆದರೂ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಬಿಡುತ್ತೇವೆ. ನಿಮಗೆ ಗೊತ್ತು. ಇದು ಪಾಪದ ಫಲವಲ್ಲವೆಂದು ಗೊತ್ತು. ಆದರೂ ಬಾಡಿಗೆಗೆ ಮನೆ ಕೇಳಿ ಬಂದವರ ಬೆರಳು ನೋಡಿ ಬೀಗದ ಕೈ ಜೇಬಿಗಿಳಿಸುತ್ತೇವೆ. 2019ರವರೆಗೂ ಕುಷ್ಠರೋಗ ವಿಚ್ಛೇದನಕ್ಕೆ ಕಾನೂನು ಒಪ್ಪಿದ ಕಾರಣವಾಗಿತ್ತು; ಕಾನೂನು ಬದಲಾಯಿತು, ನಮ್ಮ ಹೊಸ್ತಿಲು ಬದಲಾಗಲಿಲ್ಲ. 2005ರ ಕೊನೆಗೆ ರೋಗಿಗಳ ಸಂಖ್ಯೆ ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆಯಾಯಿತೆಂದು ದೇಶ ಸಮಾಧಾನಪಟ್ಟಿತು. ಅದಾದ ಮೇಲೂ ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಮ್ಮವರೇ. ನಮ್ಮ ಅಸಹ್ಯಕ್ಕೆ ಹೆದರಿ ಗಾರ್ಮೆಂಟ್ಸಿಗೆ ಹೋಗುವ ಹುಡುಗಿ ತೋಳಿನ ಮೇಲಿನ ಸ್ಪರ್ಶವಿಲ್ಲದ ಮಚ್ಚೆಯನ್ನು ಉದ್ದ ತೋಳಿನ ರವಿಕೆಯಲ್ಲಿ ಮುಚ್ಚಿಡುತ್ತಾಳೆ. ಮುಚ್ಚಿಟ್ಟ ಆ ತಿಂಗಳುಗಳಲ್ಲೇ ಅವಳ ಬೆರಳು ಮಡಚಿಕೊಳ್ಳುತ್ತವೆ. ಅವಳು ನಮ್ಮನ್ನು ದೂರುವುದಿಲ್ಲ. ದೂರುವ ದನಿಯನ್ನೂ ನಾವು ಉಳಿಸಿಲ್ಲ.

ನೀವು ಕಟುಕರಲ್ಲ. ಕಾಣಿಕೆ ಡಬ್ಬಿ ಬಂದಾಗ ಕೈ ಹಿಂದೆ ಎಳೆದವರಲ್ಲ, ಕ್ರಿಸ್ಮಸ್ಸಿಗೆ ಕಂಬಳಿ ಕಳಿಸಿದವರು. ಆದರೆ ದುಡ್ಡು ನಮ್ಮದು, ಸೇವೆ ಸಿಸ್ಟರುಗಳದ್ದು ಎಂದು ಯಾವಾಗ ಪಾಲು ಹಂಚಿಕೊಂಡೆವು? ಪ್ರಭು ಕುಷ್ಠರೋಗಿಯನ್ನು ಆಳು ಕಳಿಸಿ ಗುಣಪಡಿಸಲಿಲ್ಲ. ಕೈ ಚಾಚಿ ಮುಟ್ಟಿದರು. ಪೇತ್ರನು ಸಂಕೋಚದಿಂದ ಪಾದ ಹಿಂದೆಳೆದುಕೊಂಡಾಗಲೂ, ನಾನು ನಿನ್ನನ್ನು ತೊಳೆಯದಿದ್ದರೆ ನನ್ನೊಂದಿಗೆ ನಿನಗೆ ಪಾಲಿಲ್ಲ ಎಂದರು. ಜಪ, ಉಪವಾಸ, ಹಾಡು ಎಲ್ಲವೂ ಬೇಕು. ಆದರೆ ಅವು ನಮ್ಮನ್ನು ಆ ಬೋಗುಣಿಯ ಬಳಿಗೆ ಕರೆತರದಿದ್ದರೆ ನಾವು ಅವರ ಅಭಿಮಾನಿಗಳಾಗಿ ಉಳಿಯುತ್ತೇವೆ, ಶಿಷ್ಯರಾಗುವುದಿಲ್ಲ.

ಆದ್ದರಿಂದ ಕೈಮುಗಿದು ಕೇಳುತ್ತೇನೆ. ಬರುವ ತಪಸ್ಸುಕಾಲದಲ್ಲಿ ಮಾಂಸ ಬಿಡುವುದರ ಜೊತೆಗೆ ಅಂಜಿಕೆಯನ್ನೂ ಬಿಡಿ. ಮಕ್ಕಳನ್ನು ಕರೆದುಕೊಂಡು ಇಂಥ ನೆಲೆಗಳಿಗೆ ಹೋಗಿ, ಗಾಯ ತೊಳೆಯುವ ಕ್ರಮವನ್ನು ಅಲ್ಲಿಯವರಿಂದ ಕಲಿಯಿರಿ. ನಿಮ್ಮ ವಠಾರದಲ್ಲಿ, ಕಾರ್ಖಾನೆಯಲ್ಲಿ ಸ್ಪರ್ಶವಿಲ್ಲದ ಮಚ್ಚೆ ಕಂಡರೆ ಪಿಸುಗುಟ್ಟಬೇಡಿ, ಅವರ ಜೊತೆಗೇ ಆಸ್ಪತ್ರೆಗೆ ಹೋಗಿ, ಸರದಿಯಲ್ಲಿ ಪಕ್ಕ ಕೂರಿ. ಗುಣವಾದವರಿಗೆ ಕೆಲಸ ಕೊಡಿ, ಮನೆ ಕೊಡಿ, ನಿಮ್ಮ ಲೋಟದಲ್ಲೇ ನೀರು ಕೊಡಿ. ಹಾಗೆ ಮಾಡಿದ ವರ್ಷ ಪವಿತ್ರ ಗುರುವಾರದ ಸಾಲಿನಲ್ಲಿ ಅವರನ್ನೂ ಕೂರಿಸಿ ಎಂದು ನಿಮ್ಮ ಗುರುಗಳನ್ನು ನೀವೇ ಕೇಳುತ್ತೀರಿ, ಅವರು ಇಲ್ಲವೆನ್ನಲಾರರು. ಏಳಿ, ಹೋಗೋಣ.