ಕಾರಿನ ಬೆಳಕಿಂಡಿ

ಮೊನ್ನೆ ನನ್ನ ತಂಗಿಯ ಮನೆಗೆ ಹೊಸ ಕಾರು ಬಂತು. "ಅಕ್ಕಾ, ಇದಕ್ಕೆ ಸನ್‌ರೂಫ್ ಇದೆ ಕಣೇ!" ಅಂತ ಅವಳಿಗೆ ಒಂದೇ ಸಂಭ್ರಮ. ಹಾಗಂದರೇನು ಅಂತ ಕೇಳಿದರೆ ಮಾತ್ರ ನಕ್ಕುಬಿಟ್ಟಳು.

ಹೆಂಚಿನ ಮನೆಯ ಬೆಳಕಿಂಡಿ ನಿಮಗೆ ಗೊತ್ತಲ್ಲ? ಇದೂ ಅದರ ಜಾತಿಯದೇ. ಸನ್ ಎಂದರೆ ಸೂರ್ಯ, ರೂಫ್ ಎಂದರೆ ಛಾವಣಿ. ಮೊದಮೊದಲು ಅದು ಸರಿಸಿ ತೆರೆಯುವ ತಗಡಿನ ಮುಚ್ಚಳ, ಮುಚ್ಚಿದರೆ ಬೆಳಕಿಲ್ಲ. 1973ರಲ್ಲಿ ಅಮೆರಿಕದ ಫೋರ್ಡ್ ಕಂಪನಿ ತನ್ನ ಲಿಂಕನ್ ಕಾರಿಗೆ ಗಾಜಿನ ಮುಚ್ಚಳ ಕೂಡಿಸಿ 'ಮೂನ್‌ರೂಫ್' ಎಂದು ಕರೆಯಿತು. ಮುಚ್ಚಿದ್ದರೂ ಚಂದ್ರ ಕಾಣುತ್ತಾನಲ್ಲ! ಈಗ ನಮ್ಮಲ್ಲಿ ಗಾಜಿನದಕ್ಕೂ ಸನ್‌ರೂಫ್ ಎಂದೇ ಹೆಸರು.

ಬಿಸಿಲಿನಲ್ಲಿ ಕಾರು ನಿಲ್ಲಿಸುವಾಗ ಒಳಪರದೆ ಎಳೆದಿಡಿ. ಗಾಜಿನ ಅಂಚಿಗೆ ಇಳಿದ ಮಳೆನೀರು ಮೂಲೆಯ ಸಣ್ಣ ಕೊಳವೆಗಳಿಂದ ಹೊರಹೋಗಬೇಕು. ಎಲೆ, ಧೂಳು ಕಟ್ಟಿಕೊಂಡರೆ ಒಳಗೇ ಸೋರುತ್ತೆ. ಮಳೆಗಾಲಕ್ಕೆ ಮುಂಚೆ ಅಂಚನ್ನು ಒದ್ದೆ ಬಟ್ಟೆಯಿಂದ ಒರೆಸಿಬಿಡಿ.

ಮುಖ್ಯ ಮಾತು ಇನ್ನೂ ಇದೆ. ಕಾರು ಹೊರಟಿದ್ದೇ ತಡ, ತಂಗಿಯ ಮಗ ಸೀಟಿನ ಮೇಲೆ ನಿಂತು ತಲೆ ಹೊರಗೆ ಹಾಕಿದ. ನನ್ನ ಎದೆ ಧಸಕ್ಕೆಂದಿತು. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಹೀಗೇ ನಿಂತಿದ್ದ ಹುಡುಗನ ತಲೆ, ರಸ್ತೆಯ ಮೇಲೆ ಅಡ್ಡಲಾಗಿದ್ದ ಕಬ್ಬಿಣದ ತೊಲೆಗೆ ಬಡಿದಿತ್ತು. ಅಷ್ಟೇ ಏಕೆ, ಗಕ್ಕನೆ ಬ್ರೇಕ್ ಹಾಕಿದರೂ ಸಾಕಲ್ಲ! ಮಗು ಹಠ ಮಾಡಲಿ, ಅಳಲಿ. ಕೂರಿಸಿ ಬೆಲ್ಟ್ ಹಾಕಿ. "ಪಾಪ, ಒಂದು ಸಲ" ಅನ್ನಬೇಡಿ.

ಬೆಳಕಿಂಡಿ ಇರುವುದು ಬೆಳಕಿಗೆ, ತಲೆ ತೂರಿಸುವುದಕ್ಕಲ್ಲ. ಏನಂತೀರಿ?