ಮೂಲಪ್ರತಿ ಯಾವುದು? ಮೌಖಿಕ ಕಾವ್ಯದ ಧ್ವನಿಕಡತಗಳನ್ನು ಕುರಿತು

ಓಲೆಗರಿಯ ಕಟ್ಟೊಂದನ್ನು ಆಧರಿಸಿ ಪಾಠವನ್ನು ಸಿದ್ಧಪಡಿಸುವ ವಿದ್ವಾಂಸರು ಆ ಕಟ್ಟು ಎಲ್ಲಿ ದೊರೆಯಿತು, ಗರಿಗಳೆಷ್ಟು, ತ್ರುಟಿತವಾದವು ಯಾವುವು, ಅದು ಮೂಲವೋ ಪ್ರತಿಯ ಪ್ರತಿಯೋ ಎಂಬುದನ್ನು ಮೊದಲಿಗೇ ನಿವೇದಿಸುತ್ತಾರೆ. ಇಷ್ಟನ್ನು ಹೇಳದ ಸಂಪಾದನೆಯನ್ನು ನಮ್ಮ ಕನ್ನಡ ವಿಭಾಗಗಳು ಸಂಶೋಧನೆಯೆಂದು ಮಾನ್ಯ ಮಾಡುವುದಿಲ್ಲ. ಇದೇ ವಿಭಾಗಗಳಲ್ಲಿ ಮಲೆಮಾದೇಶ್ವರ, ಮಂಟೇಸ್ವಾಮಿ ಅಥವಾ ಜುಂಜಪ್ಪನ ಕಾವ್ಯವನ್ನು ಕುರಿತ ಪ್ರಬಂಧವೊಂದು ಸಲ್ಲಿಕೆಯಾದಾಗ, ಅನುಬಂಧವಾಗಿ ಬಂದ ಸಿಡಿಯಲ್ಲೋ ಪೆನ್‌ಡ್ರೈವಿನಲ್ಲೋ ಇರುವ ಧ್ವನಿ ಯಾವ ಬಗೆಯದು, ಅದು ಕ್ಷೇತ್ರದಲ್ಲಿ ಮುದ್ರಿಸಿಕೊಂಡ ಮೂಲವೋ, ಕುಗ್ಗಿಸಿದ ಪ್ರತಿಯೋ, ಯೂಟ್ಯೂಬಿನಿಂದ ಇಳಿಸಿಕೊಂಡದ್ದೋ ಎಂದು ಕೇಳುವ ಪರಿಪಾಠ ಮಾತ್ರ ಬೆಳೆದಿಲ್ಲ. ಲಿಪ್ಯಂತರ ಸಿದ್ಧವಾದ ಮೇಲೆ ಧ್ವನಿಯ ಕೆಲಸ ಮುಗಿಯಿತೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಧ್ವನಿಕಡತದ ನಮೂನೆಯ, ಎಂದರೆ ಬಳಕೆಯ ಮಾತಿನ ‘ಫಾರ್ಮ್ಯಾಟ್’ನ, ಆಯ್ಕೆಯನ್ನು ಕಂಪ್ಯೂಟರ್ ಬಲ್ಲವರಿಗೆ ಬಿಟ್ಟುಕೊಡಲಾಗಿದೆ. ನನ್ನ ದೃಷ್ಟಿಯಲ್ಲಿ ಅದು ಪಾಠಸಂಪಾದಕನ ಹೊಣೆ. ಇದನ್ನು ತುಸು ವಿವರವಾಗಿ ವಿವೇಚಿಸಬೇಕಾಗಿದೆ.

ನಮ್ಮಲ್ಲಿ ಅತ್ಯಂತ ಬಳಕೆಯಲ್ಲಿರುವ ನಮೂನೆ ಎಂಪಿ3. ಜರ್ಮನಿಯ ಎರ್ಲಾಂಗೆನ್ನಿನ ಫ್ರೌನ್‌ಹೋಫರ್ ಸಂಸ್ಥೆಯ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬರ್ಗ್ ಮೊದಲಾದವರ ಶ್ರಮದಿಂದ ರೂಪುಗೊಂಡು, 1990ರ ದಶಕದ ಆರಂಭದಲ್ಲಿ ಅಂತಾರಾಷ್ಟ್ರೀಯ ಮಾನಕವಾದ ವಿಧಾನವಿದು. ಸಂಗೀತದ ಸಿಡಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿಯೊಂದು ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿಡಲಾಗುತ್ತದೆ. ಎರಡು ವಾಹಿನಿಗಳು ಸೇರಿದರೆ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್. ಸಾಮಾನ್ಯ ಬಳಕೆಯ ಎಂಪಿ3 ಇದನ್ನು 128 ಕಿಲೋಬಿಟ್‌ಗೆ ಇಳಿಸುತ್ತದೆ. ಹನ್ನೊಂದು ಪಾಲಿನಲ್ಲಿ ಒಂದು ಪಾಲು ಉಳಿಯುತ್ತದೆ. ಹೀಗೆ ಇಳಿಸುವಾಗ ಅದು ಮನುಷ್ಯನ ಕಿವಿಯ ಒಂದು ಸ್ವಭಾವವನ್ನು ಆಶ್ರಯಿಸುತ್ತದೆ. ದೊಡ್ಡ ದನಿಯೊಂದು ಕೇಳುತ್ತಿರುವಾಗ ಅದರ ನೆರೆಯ ಕಂಪನಾಂಕದಲ್ಲಿರುವ ಸಣ್ಣ ದನಿ ನಮಗೆ ಕೇಳಿಸುವುದಿಲ್ಲ. ಕೇಳಿಸದಿದ್ದನ್ನು ನಿಖರವಾಗಿ ಬರೆದಿಡುವುದೇಕೆ ಎಂಬುದು ಈ ವಿಧಾನದ ತರ್ಕ. ಯಾವುದನ್ನು ಉಳಿಸಬೇಕು, ಯಾವುದನ್ನು ಒರಟಾಗಿಸಬೇಕು, ಯಾವುದನ್ನು ಬಿಡಬೇಕು ಎಂದು ಕ್ಷಣಕ್ಷಣಕ್ಕೂ ನಿರ್ಣಯಿಸುವ ಈ ತಂತ್ರಾಂಶವನ್ನು ಯಾರೂ ನೇಮಿಸದ ಒಬ್ಬ ಸಂಪಾದಕನೆಂದೇ ಕರೆಯಬೇಕಾಗುತ್ತದೆ. ಅವನು ಬಿಟ್ಟ ಪಾಠಗಳಿಗೆ ಅಡಿಟಿಪ್ಪಣಿಯೂ ಇರುವುದಿಲ್ಲ.

ಹಾಡನ್ನು ಹಾಡಾಗಿ ಕೇಳುವವರಿಗೆ ಈ ತರ್ಕ ನ್ಯಾಯವಾದದ್ದೇ. ಒಳ್ಳೆಯ ದರದಲ್ಲಿ ಸಿದ್ಧಪಡಿಸಿದ ಎಂಪಿ3ಯನ್ನು ಮೂಲದಿಂದ ಬೇರ್ಪಡಿಸಿ ಗುರುತಿಸುವುದು ಪಳಗಿದ ಕಿವಿಗೂ ಸುಲಭವಲ್ಲ. ಆದರೆ ಸಂಶೋಧಕರು ಹಾಗೆ ಕೇಳುವವರಲ್ಲ ಎಂಬುದನ್ನು ಗಮನಿಸಬೇಕು. ಅವರು ನಿಧಾನಗೊಳಿಸಿ ಕೇಳುತ್ತಾರೆ, ಮುಮ್ಮೇಳದ ದನಿಯನ್ನು ತಗ್ಗಿಸಿ ಹಿಮ್ಮೇಳವನ್ನು ಎತ್ತಿ ಕೇಳಲು ಯತ್ನಿಸುತ್ತಾರೆ, ಪ್ರಾಟ್‌ನಂತಹ ತಂತ್ರಾಂಶದಲ್ಲಿ ಧ್ವನಿಯ ಚಿತ್ರವನ್ನು ಬರೆಸಿ ಅಳೆಯುತ್ತಾರೆ. ಇದ್ದದ್ದನ್ನು ಇದ್ದಂತೆಯೇ ಕೇಳುವ ಕಿವಿಯನ್ನು ನಂಬಿ ಕೈಬಿಟ್ಟ ಅಂಶಗಳು ಆಗ ಕೊರತೆಯಾಗಿ ಎದುರಾಗುತ್ತವೆ. ಮೌಖಿಕ ಕಾವ್ಯದಲ್ಲಿ ಮುಖ್ಯ ಗಾಯಕನ ಬೆನ್ನಿಗೆ ಸೊಲ್ಲು ಹಿಡಿಯುವವರ ಕ್ಷೀಣ ದನಿ, ನಡುವೆ ಕೇಳುಗರಲ್ಲೊಬ್ಬರು ಹಾಕುವ ಹೂಂಗುಟ್ಟು, ಗಾಯಕ ಪಕ್ಕದವನಿಗೆ ಮೆಲ್ಲನೆ ಹೇಳುವ ಸೂಚನೆ, ಇವೆಲ್ಲ ದೊಡ್ಡ ದನಿಯ ನೆರಳಿನಲ್ಲಿರುವಂಥವು. ಕಾವ್ಯ ರಚನೆಯಾಗುವ ಪ್ರಕ್ರಿಯೆಯನ್ನು ಅರಿಯಲು ಬೇಕಾದ ಸಾಕ್ಷ್ಯಗಳು ಅವೇ.

ಕಂಸಾಳೆಯ ಉದಾಹರಣೆ ಇನ್ನೂ ಸ್ಪಷ್ಟವಾಗಿದೆ. ಎಂಪಿ3 ಧ್ವನಿಯನ್ನು ಸುಮಾರು 26 ಮಿಲಿಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ ಸಂಸ್ಕರಿಸುತ್ತದೆ. ಒಂದು ತುಣುಕಿನ ನಡುವೆ ಥಟ್ಟನೆ ಕಂಚಿನ ಪೆಟ್ಟೊಂದು ಬಿದ್ದರೆ, ಆ ಪೆಟ್ಟನ್ನು ಒರಟಾಗಿ ಬರೆದುದರಿಂದ ಹುಟ್ಟುವ ಸದ್ದು ಇಡೀ ತುಣುಕಿಗೆ ಹರಡುತ್ತದೆ. ಪೆಟ್ಟು ಬೀಳುವ ಮುನ್ನವೇ ಅದರ ಮಬ್ಬು ಛಾಯೆ ಕಾಣಿಸಿಕೊಳ್ಳುತ್ತದೆ. ತಂತ್ರಜ್ಞರು ಇದನ್ನು ಪೂರ್ವಪ್ರತಿಧ್ವನಿ ಎನ್ನುತ್ತಾರೆ. ಇದನ್ನು ತಗ್ಗಿಸಲು ತುಣುಕನ್ನು ಇನ್ನೂ ಕಿರಿದಾಗಿಸುವ ಏರ್ಪಾಡು ಆ ವಿಧಾನದಲ್ಲೇ ಇದೆ. ಆದರೂ ಕಡಿಮೆ ದರದ ಕಡತಗಳಲ್ಲಿ ದೋಷ ಉಳಿದೇ ಉಳಿಯುತ್ತದೆ. ದೇವರಗುಡ್ಡರ ಹಾಡಿನಲ್ಲಿ ಕಂಸಾಳೆಯ ಪೆಟ್ಟು ಸೊಲ್ಲಿನ ಯಾವ ಅಕ್ಷರದ ಮೇಲೆ ಬೀಳುತ್ತದೆ, ಎಷ್ಟು ಮುಂಚೆ ಅಥವಾ ಎಷ್ಟು ತಡವಾಗಿ ಬೀಳುತ್ತದೆ ಎಂಬುದರಿಂದ ಲಯದ ಸ್ವರೂಪವನ್ನು ನಿರ್ಧರಿಸಲು ಹೊರಟವರಿಗೆ ಇದು ಅಲ್ಪ ವಿಷಯವಲ್ಲ. ಅಂಶಗಣದ ಮೂಲವನ್ನು ಹಾಡಿನ ಲಯದಲ್ಲಿ ಹುಡುಕುವ ಚರ್ಚೆ ನಮ್ಮಲ್ಲಿ ಹಳೆಯದು. ಆ ಚರ್ಚೆಗೆ ಅಳತೆಯ ಆಧಾರ ಒದಗಬೇಕಾದರೆ ಅಳೆಯಲು ಯೋಗ್ಯವಾದ ಮುದ್ರಣವಿರಬೇಕು.

ಉಪಭಾಷೆಯ ಅಧ್ಯಯನಕ್ಕೂ ಇದೇ ಮಾತು ಅನ್ವಯಿಸುತ್ತದೆ, ಆದರೆ ಉತ್ಪ್ರೇಕ್ಷೆ ಬೇಡ. ಸ್ವರಗಳ ಸ್ವರೂಪವನ್ನೂ ದನಿಯ ಏರಿಳಿತವನ್ನೂ ಸಾಕಷ್ಟು ಒಳ್ಳೆಯ ಎಂಪಿ3ಯಿಂದ ಬಹುಮಟ್ಟಿಗೆ ಗ್ರಹಿಸಬಹುದು. ತೊಂದರೆಯಿರುವುದು ಸಕಾರ ಶಕಾರಗಳಂತಹ ಊಷ್ಮಧ್ವನಿಗಳಲ್ಲಿ. ಇವುಗಳ ಶಕ್ತಿ ಮೇಲಿನ ಕಂಪನಾಂಕಗಳಲ್ಲಿರುವುದರಿಂದ ದರ ಇಳಿದಂತೆ ಮೊದಲು ಪೆಟ್ಟು ತಿನ್ನುವವು ಇವೇ. ಹಳೆಯ ದೂರವಾಣಿ ಮಾದರಿಯ, ಸುಮಾರು 3,400 ಹರ್ಟ್ಸ್‌ಗೆ ನಿಂತುಬಿಡುವ ಎಎಂಆರ್ ಕಡತದಲ್ಲಿ ಒಬ್ಬ ವಕ್ತೃ ‘ಶರಣ’ ಎಂದನೋ ‘ಸರಣ’ ಎಂದನೋ ಎಂದು ವಾದಿಸುವುದು ವ್ಯರ್ಥ.

ಹಿಂದಿನವರು ಎಂಪಿ3ಯನ್ನು ಆಯ್ದುಕೊಂಡದ್ದಕ್ಕೆ ಬಲವಾದ ಕಾರಣವಿತ್ತು. 2000ರ ದಶಕದ ಆರಂಭದಲ್ಲಿ ವಿಭಾಗವೊಂದಕ್ಕೆ ದಕ್ಕುತ್ತಿದ್ದ ಸಂಗ್ರಹ ಸಾಧನವೆಂದರೆ 700 ಮೆಗಾಬೈಟಿನ ಸಿಡಿ. ಅದರಲ್ಲಿ ಸಿಡಿ ಗುಣಮಟ್ಟದ ವೇವ್ ಕಡತ ಒಂದು ಗಂಟೆಗೆ ತುಸು ಹೆಚ್ಚು ಹಿಡಿಸುತ್ತಿತ್ತು. 128 ಕಿಲೋಬಿಟ್‌ನ ಎಂಪಿ3ಯಾದರೆ ಹನ್ನೆರಡು ಗಂಟೆ. ರಾತ್ರಿಯಿಡೀ ಹಾಡುವ ಕಾವ್ಯವನ್ನು ಒಂದೇ ಸಿಡಿಯಲ್ಲಿ ಇಡುವುದು ಅಂದು ಸೌಲಭ್ಯವಾಗಿತ್ತು. ಇಂದು ಆ ಲೆಕ್ಕ ಉಳಿದಿಲ್ಲ. 24 ಬಿಟ್, 48,000 ಅಳತೆಗಳ ಎರಡು ವಾಹಿನಿಯ ಮುದ್ರಣ ಗಂಟೆಗೆ ಸುಮಾರು ಒಂದು ಗಿಗಾಬೈಟ್ ಆಗುತ್ತದೆ. ಮೂವತ್ತು ಗಂಟೆಗಳ ಮಹಾಕಾವ್ಯವೊಂದು ಬಡ ವಿದ್ಯಾರ್ಥಿಯ ಪೆನ್‌ಡ್ರೈವಿನಲ್ಲೂ ಹಿಡಿಸುತ್ತದೆ. ಕಾರಣ ಅಳಿದರೂ ಅಭ್ಯಾಸ ಉಳಿದಿದೆ, ಆಕ್ಷೇಪಿಸಬೇಕಾದದ್ದು ಇದನ್ನೇ.

ಆ ಅಭ್ಯಾಸದ ಅತ್ಯಂತ ದುಬಾರಿ ಪರಿಣಾಮ ಹಳೆಯ ಕ್ಯಾಸೆಟ್ಟುಗಳ ವಿಷಯದಲ್ಲಿ ಆಗುತ್ತಿದೆ. ಕಳೆದ ಶತಮಾನದ ಕೊನೆಯ ಮೂರು ದಶಕಗಳಲ್ಲಿ ಕರ್ನಾಟಕದ ಜಾನಪದ ಸಂಗ್ರಹ ನಡೆದದ್ದು ಬಹುತೇಕ ಕಾಂತಪಟ್ಟಿಗಳ ಮೇಲೆ. ತುಳುವಿನ ಸಿರಿ ಪಾಡ್ದನವನ್ನು ಗೋಪಾಲ ನಾಯ್ಕರಿಂದ 1990ರಲ್ಲಿ ಹಾಡಿಸಿ, ಲೌರಿ ಹೊಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡರೊಡನೆ 1998ರಲ್ಲಿ ಪ್ರಕಟಿಸಿದ 15,683 ಸಾಲುಗಳ ಪಠ್ಯದಂತಹ ದಾಖಲೀಕರಣದ ಶಿಸ್ತು ಎಲ್ಲ ಸಂಗ್ರಹಗಳಿಗೂ ದೊರೆಯಲಿಲ್ಲ. ಹಲವರ ಕ್ಯಾಸೆಟ್ಟುಗಳು ಕಪಾಟಿನಲ್ಲೇ ಉಳಿದವು. ಹಾಡಿದವರಲ್ಲಿ ಎಷ್ಟೋ ಮಂದಿ ಈಗಿಲ್ಲ. ಅವನ್ನು ಡಿಜಿಟಲ್ ರೂಪಕ್ಕೆ ತರುವಾಗ ನೇರವಾಗಿ ಎಂಪಿ3 ಮಾಡಿ, ‘ಕೆಲಸ ಆಯಿತು’ ಎಂದು ಕ್ಯಾಸೆಟ್ಟನ್ನು ವಿಲೇವಾರಿ ಮಾಡಿದರೆ ಮುಂದಿನವರಿಗೆ ಉಳಿಯುವುದು ಆ ಸಂಕ್ಷೇಪವೊಂದೇ. ಕ್ಯಾಸೆಟ್ಟಿನಲ್ಲೇ ಬುಸುಗುಟ್ಟುವ ಸದ್ದಿರುವಾಗ ಉನ್ನತ ಗುಣಮಟ್ಟ ಏತಕ್ಕೆ ಎಂದು ಕೆಲವರು ಕೇಳುವುದುಂಟು. ಸದ್ದಿರುವುದರಿಂದಲೇ ಬೇಕು. ಎಂಪಿ3ಗೆ ಆ ಸದ್ದೂ ಒಂದು ಧ್ವನಿಯೇ. ಇರುವ ಅಲ್ಪ ಬಿಟ್‌ಗಳನ್ನು ಅದು ಸದ್ದಿಗೂ ಹಂಚುತ್ತದೆ, ಹಾಡಿನ ಪಾಲು ಅಷ್ಟರಮಟ್ಟಿಗೆ ಕುಗ್ಗುತ್ತದೆ. ಮುಂದೆ ಉತ್ತಮ ತಂತ್ರಾಂಶದಿಂದ ಸದ್ದನ್ನು ಬೇರ್ಪಡಿಸಬೇಕೆಂದರೂ ಎರಡೂ ಅವಿಚ್ಛಿನ್ನವಾಗಿ ದಾಖಲಾಗಿರಬೇಕು. ಧ್ವನಿ ಸಂಗ್ರಹಾಲಯಗಳ ಅಂತಾರಾಷ್ಟ್ರೀಯ ಸಂಘವಾದ ಐಎಎಸ್ಎ ತನ್ನ ಮಾರ್ಗದರ್ಶಿಯಲ್ಲಿ ಇಂತಹ ಮೂಲಗಳಿಗೆ ಕನಿಷ್ಠ 24 ಬಿಟ್, 48,000 ಅಳತೆಗಳನ್ನು ಸೂಚಿಸಿದೆ.

ನಮೂನೆಗಳಲ್ಲಿ ಯಾವುದನ್ನು ಆರಿಸಬೇಕು? ದೊಡ್ಡ ಸಂಗ್ರಹಾಲಯಗಳ ಒಲವು ವಿವರಗಳನ್ನೂ ಒಳಗೊಳ್ಳುವ ಬ್ರಾಡ್‌ಕಾಸ್ಟ್ ವೇವ್ ಕಡೆಗಿದೆ. ಅದು ಧ್ವನಿಯನ್ನು ಕುಗ್ಗಿಸದೆ ಇಡುತ್ತದೆ. ನಮ್ಮ ವಿಭಾಗಗಳ ಮಟ್ಟಿಗೆ ನಾನು ಫ್ಲ್ಯಾಕ್ ಅನ್ನು ಮೇಲೆಂದು ಭಾವಿಸುತ್ತೇನೆ. 2001ರಲ್ಲಿ ಜಾಶ್ ಕೋಲ್ಸನ್ ಬಿಡುಗಡೆ ಮಾಡಿದ ಈ ಮುಕ್ತ ನಮೂನೆ ಕಡತವನ್ನು ಸಾಮಾನ್ಯವಾಗಿ ಅರ್ಧದ ಆಸುಪಾಸಿಗೆ ತರುತ್ತದೆ. ಬಿಚ್ಚಿದಾಗ ಒಂದು ಬಿಟ್ಟೂ ಕಳೆಯದೆ ಮೂಲವೇ ದೊರೆಯುತ್ತದೆ. ಧ್ವನಿ ಎಲ್ಲಿಯಾದರೂ ಕೆಟ್ಟಿದೆಯೇ ಎಂದು ಪರೀಕ್ಷಿಸುವ ಗುರುತಂಕಿಯೂ ಕಡತದೊಳಗೇ ಇರುತ್ತದೆ. ಗಾಯಕರು, ಊರು, ದಿನಾಂಕ, ಮುದ್ರಿಸಿದವರು ಎಂಬ ವಿವರಗಳನ್ನು ಕನ್ನಡದಲ್ಲೇ ಬರೆದು ಕಡತದಲ್ಲಿ ಸೇರಿಸಬಹುದು. 2024ರಲ್ಲಿ ಇದು ಅಂತರ್ಜಾಲದ ಮಾನಕ ದಾಖಲೆಯಾಗಿ ಪ್ರಕಟವಾದುದರಿಂದ ಅದರ ಮುಂದಿನ ಆಯುಸ್ಸಿನ ಬಗೆಗೂ ಭರವಸೆ ಹೆಚ್ಚಿದೆ. ಎಂಪಿ3ಯ ಪೇಟೆಂಟುಗಳು ತೀರಿ 2017ರಿಂದ ಅದೂ ಮುಕ್ತವಾಗಿದೆ ನಿಜ. ಆದರೆ ಕಳೆದುಕೊಂಡದ್ದನ್ನು ಪೇಟೆಂಟಿನ ಬಿಡುಗಡೆ ಹಿಂತಿರುಗಿಸುವುದಿಲ್ಲ.

ಇನ್ನು ಅಂತರ್ಜಾಲದಿಂದ ಇಳಿಸಿಕೊಳ್ಳುವ ಪ್ರಶ್ನೆ. ಇಂದು ಸಂಶೋಧನಾ ವಿದ್ಯಾರ್ಥಿಗಳ ಮೊದಲ ಕ್ಷೇತ್ರ ಯೂಟ್ಯೂಬ್. ಚೌಡಿಕೆ ಪದವೋ ನೀಲಗಾರರ ಹಾಡೋ ಅಲ್ಲಿ ಹೇರಳವಾಗಿದೆ. ಅದನ್ನು ಯಾವುದೋ ಪರಿವರ್ತಕ ತಾಣದ ಮೂಲಕ ‘320 ಕಿಲೋಬಿಟ್ ಎಂಪಿ3’ ಎಂದು ಇಳಿಸಿಕೊಂಡು, ಉತ್ತಮ ಗುಣಮಟ್ಟ ದೊರೆಯಿತೆಂದು ಸಂತೋಷಪಡುವುದನ್ನು ಕಾಣುತ್ತೇವೆ. ಯೂಟ್ಯೂಬ್ ತನ್ನ ಕಡೆಯಿಂದ ಧ್ವನಿಯನ್ನು ಹರಿಯಬಿಡುವುದೇ ಎಎಸಿ ಅಥವಾ ಓಪಸ್ ಎಂಬ, ಈಗಾಗಲೇ ಕುಗ್ಗಿಸಿದ ನಮೂನೆಗಳಲ್ಲಿ. ಮೊಬೈಲಿನಲ್ಲಿ ಒಮ್ಮೆ ಕುಗ್ಗಿ, ಏರಿಸುವಾಗ ಮತ್ತೊಮ್ಮೆ ಕುಗ್ಗಿದ ಧ್ವನಿ ಎಂಪಿ3 ಆಗುವಾಗ ಮೂರನೆಯ ಲಿಪಿಕಾರನ ಕೈಗೆ ಸಿಕ್ಕಂತಾಯಿತು. ಅಂಕಿ ದೊಡ್ಡದಾದರೂ ಸತ್ತ್ವ ಹೆಚ್ಚುವುದಿಲ್ಲ. ಅದನ್ನೇ ವೇವ್ ಅಥವಾ ಫ್ಲ್ಯಾಕ್‌ಗೆ ಪರಿವರ್ತಿಸಿ ‘ಮೂಲ’ವೆಂದು ಸಲ್ಲಿಸುವುದು ಇನ್ನೂ ಅಪಾಯಕರ, ತ್ರುಟಿತ ಗರಿಯನ್ನು ಹೊಸ ಕಾಗದದ ಮೇಲೆ ಅಂದವಾಗಿ ನಕಲು ಮಾಡಿದರೆ ಕಳೆದ ಅಕ್ಷರ ಮರಳುವುದಿಲ್ಲ, ಕಳೆದಿದೆಯೆಂಬ ಕುರುಹು ಮಾತ್ರ ಅಳಿಯುತ್ತದೆ.

ಹಾಗೆಂದು ಇಳಿಸಿಕೊಳ್ಳದೆ, ಕೊಂಡಿಯನ್ನಷ್ಟೇ ಉಲ್ಲೇಖಿಸಿ ಸುಮ್ಮನಿರುವುದೂ ಕ್ಷೇಮವಲ್ಲ. 2016ಕ್ಕೆ ಮುನ್ನ ಮೈಸ್ಪೇಸ್ ತಾಣಕ್ಕೆ ಏರಿಸಿದ್ದ ಅಪಾರ ಸಂಗೀತ ನಾಶವಾಯಿತೆಂದು ಆ ಸಂಸ್ಥೆಯೇ 2019ರಲ್ಲಿ ಒಪ್ಪಿಕೊಂಡಿತು. ಭಾರತದ ವಿಂಕ್ ಮ್ಯೂಸಿಕ್ ಸೇವೆ 2024ರಲ್ಲಿ ಮುಚ್ಚಿತು. ಚಂದಾ ಸೇವೆಗಳು ‘ಡೌನ್‌ಲೋಡ್’ ಎಂದು ಕರೆಯುವುದು ಆ ಸೇವೆಯ ಆಪ್ ಒಳಗೆ ಬೀಗ ಹಾಕಿಟ್ಟ ಪ್ರತಿಯನ್ನು. ಚಂದಾ ನಿಂತ ದಿನ ಅದೂ ಮೂಕವಾಗುತ್ತದೆ. ಇನ್ನೊಂದೆಡೆ ಕಾನೂನಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ಸಂಶೋಧನೆಯೂ ಸೇರಿದಂತೆ ಖಾಸಗಿ ಬಳಕೆಗೆ ನ್ಯಾಯಸಮ್ಮತ ಅವಕಾಶ ಕೊಟ್ಟಿದೆ, ಆದರೆ ತಾಣಗಳ ನಿಬಂಧನೆಗಳು ಬೇರೆ. ಅನುಮತಿಯಿಲ್ಲದೆ ಇಳಿಸಿಕೊಳ್ಳುವುದನ್ನು ಯೂಟ್ಯೂಬ್ ನಿಷೇಧಿಸಿದೆ. ಹಾಡಿದವರ ಹಕ್ಕನ್ನಂತೂ ನಾವು ನೆನೆಯುವುದೇ ಕಡಿಮೆ. 1994ರ ತಿದ್ದುಪಡಿ ಪ್ರದರ್ಶಕರ ಹಕ್ಕನ್ನು ಕಾಯಿದೆಗೆ ತಂದಿತು, 2012ರ ತಿದ್ದುಪಡಿ ಅದನ್ನು ಬಲಪಡಿಸಿ ಹೆಸರು ಹೇಳಿಸಿಕೊಳ್ಳುವ ಹಕ್ಕನ್ನೂ ಸೇರಿಸಿತು. ‘ಸಂಗ್ರಹ: ಯೂಟ್ಯೂಬ್’ ಎಂಬ ಅಡಿಟಿಪ್ಪಣಿಯಲ್ಲಿ ಗಾಯಕರ ಹೆಸರೇ ಇರುವುದಿಲ್ಲ.

ಇದಕ್ಕೆ ಸರಳವಾದ ದಾರಿಯೊಂದಿದೆ, ನಮ್ಮವರು ಅದನ್ನು ಹಿಡಿಯುವುದು ಅಪರೂಪ. ವಿಡಿಯೋ ಏರಿಸಿದವರು ಎಷ್ಟೋ ವೇಳೆ ಅದೇ ಸೀಮೆಯವರು. ಅವರನ್ನು ಹುಡುಕಿ, ಮೆಮೊರಿ ಕಾರ್ಡಿನಲ್ಲಿರುವ ಮೂಲಕಡತವನ್ನು ಬೇಡಿ ಪಡೆಯಬೇಕು. ಅವರು ವಾಟ್ಸಾಪ್‌ನಲ್ಲಿ ಕಳುಹಿಸುವುದಾದರೆ ಡಾಕ್ಯುಮೆಂಟ್ ರೂಪದಲ್ಲೇ ಕಳುಹಿಸುವಂತೆ ವಿನಂತಿಸಬೇಕು. ಆಗ ಕಡತ ಬದಲಾಗದೆ ತಲುಪುತ್ತದೆ. ಗಾಯಕರ ಒಪ್ಪಿಗೆಯನ್ನೂ ಅದೇ ಭೇಟಿಯಲ್ಲಿ ಪಡೆಯಬಹುದು. ಮೂಲ ದೊರೆಯದೆ ಹೋದರೆ, ಅನುಮತಿಯಿಂದ ದೊರೆತ ಕಡತವನ್ನು ಬಂದ ನಮೂನೆಯಲ್ಲೇ ಇಟ್ಟು, ಇಂತಹ ದಿನ ಇಂತಹ ತಾಣದಿಂದ ಇಂತಹ ನಮೂನೆಯಲ್ಲಿ ದೊರೆತ ಪ್ರತಿಯೆಂದು ಸ್ಪಷ್ಟವಾಗಿ ಬರೆಯಬೇಕು. ತಾವೇ ಮುದ್ರಿಸುವವರು ಮೊಬೈಲಿನ ‘ಸದ್ದು ನಿವಾರಣೆ’ಯ ಸೌಲಭ್ಯವನ್ನು ಮೊದಲು ಆರಿಸಿಡುವುದು ಒಳಿತು. ಒಂದೇ ಸಮನೆ ಹರಿಯುವ ನಾದವನ್ನು ಅಡಚಣೆಯೆಂದು ಬಗೆದು ಅಡಗಿಸುವುದು ಅದರ ಸ್ವಭಾವ. ನೀಲಗಾರರ ತಂಬೂರಿಯ ಶ್ರುತಿ ಅದಕ್ಕೆ ಬಲಿಯಾಗುತ್ತದೆ.

ಎಂಪಿ3ಯನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಹಾಡಿದವರ ಮನೆಗೆ, ಅವರ ಮೊಮ್ಮಕ್ಕಳ ಮೊಬೈಲಿಗೆ ತಲುಪಿಸಬೇಕಾದ ಪ್ರತಿ ಅದೇ; ಚಿಕ್ಕದು, ಎಲ್ಲ ಯಂತ್ರಗಳಲ್ಲೂ ನುಡಿಯುವಂಥದ್ದು. ಪ್ರಬಂಧದ ಬರಹ ಶೋಧಗಂಗಾಕ್ಕೆ ಸೇರಿ ಎಲ್ಲರಿಗೂ ದೊರೆಯುತ್ತಿರುವಾಗ ಧ್ವನಿ ಮಾತ್ರ ಸಾಮಾನ್ಯವಾಗಿ ಸಂಶೋಧಕರ ಮನೆಯ ಕಂಪ್ಯೂಟರಿನಲ್ಲಿ ಉಳಿದು ಅದರೊಡನೆಯೇ ಕೆಡುತ್ತದೆ. ಮಾರ್ಗದರ್ಶಕರು ಪ್ರಬಂಧಕ್ಕೆ ಸಹಿ ಹಾಕುವ ಮುನ್ನ ನಷ್ಟರಹಿತ ಮೂಲಕಡತದ ಎರಡು ಪ್ರತಿಗಳನ್ನು ಕೇಳಿ ಪಡೆಯಲಿ. ಒಂದು ವಿಭಾಗದಲ್ಲಿ, ಇನ್ನೊಂದು ಗ್ರಂಥಾಲಯದಲ್ಲಿ ಇರಲಿ. ಕಪಾಟಿನ ಕ್ಯಾಸೆಟ್ಟುಗಳ ಪಟ್ಟಿಯನ್ನು ಈ ವರ್ಷವೇ ಮಾಡಲಿ, ಏಕೆಂದರೆ ಅವನ್ನು ಸರಿಯಾಗಿ ನುಡಿಸಬಲ್ಲ ಯಂತ್ರಗಳೂ ಯಂತ್ರಗಳನ್ನು ದುರಸ್ತಿ ಮಾಡಬಲ್ಲವರೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.