ತುಟ್ಟಿ ಎಲ್ಲರಿಗೂ, ಭತ್ಯೆ ಮಾತ್ರ ಕೆಲವರಿಗೆ

ರಾಗಿ ತೆನೆ ಬಾಗಿ ಕೊಯ್ಲಿಗೆ ಬಂದಿದೆ. ಅಕ್ಕಡಿ ಸಾಲಿನ ಅವರೆ ಹೂ ಬಿಟ್ಟಿದೆ. ಈ ವಾರ ಅದರ ಬಗ್ಗೆನೇ ಬರೀಬೇಕು ಅಂತಿದ್ದೆ. ಆದರೆ ಮೊನ್ನೆ ರಾತ್ರಿ ಬೆಂಗಳೂರಿಂದ ಮಗ ಫೋನ್ ಮಾಡಿದ. "ಅಪ್ಪ, ಬಾಡಿಗೆ ಮತ್ತೆ ಏರಿಸಿದಾರೆ. ಈ ತಿಂಗಳೂ ಕಳಿಸಕ್ಕಾಗಲ್ಲ, ಬೇಜಾರ್ ಮಾಡ್ಕೋಬೇಡ" ಅಂದ. "ಇರಲಿ ಬಿಡಪ್ಪ" ಅಂದೆ. ಫೋನ್ ಇಟ್ಟು ಜಗಲಿಗೆ ಬಂದರೆ ಅಲ್ಲಿ ಪಿಂಚಣಿ ಜಗಳ ನಡೀತಿತ್ತು.

ಒಂದು ಕಡೆ ನಮ್ಮೂರ ಸ್ಕೂಲಿನ ಹೊಸ ಮೇಷ್ಟ್ರು. 2006ರ ಏಪ್ರಿಲ್ 1ರ ನಂತರ ಸೇರಿದ ರಾಜ್ಯ ನೌಕರರಿಗೆ ಹಳೇ ಪಿಂಚಣಿ ಇಲ್ಲ, ಎನ್‌ಪಿಎಸ್. ಸಂಬಳದಲ್ಲಿ ಹಿಡಿದ ದುಡ್ಡು ಷೇರುಪೇಟೆ ಆಡಿದ ಹಾಗೆ ಆಡುತ್ತೆ, ಕೊನೆಗೆ ಎಷ್ಟು ಬರುತ್ತೋ ಗ್ಯಾರಂಟಿ ಇಲ್ಲ ಅಂತ ಅವರ ಸಂಕಟ. ಇನ್ನೊಂದು ಕಡೆ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋ ಹುಡುಗ, ರಜಕ್ಕೆ ಬಂದಿದ್ದ. "ನಮ್ಮ ಟ್ಯಾಕ್ಸಲ್ಲಿ ನಿಮಗ್ಯಾಕೆ ಪಿಂಚಣಿ? ಖಜಾನೆ ಖಾಲಿಯಾಗುತ್ತೆ" ಅಂತ ಅವನು. ಇಬ್ಬರದೂ ನಿಜ ಅನ್ನಿಸ್ತು. ಆದರೆ ಒಂದು ಗಂಟೆ ಜಗಳದಲ್ಲಿ ನಮ್ಮಂಥವರ ಹೆಸರು ಒಂದ್ಸಲನೂ ಬರಲಿಲ್ಲ. ಅದಕ್ಕೇ ಬರೀತಿದ್ದೀನಿ.

ಮೊದಲೇ ಹೇಳಿಬಿಡ್ತೀನಿ, ಮೇಷ್ಟ್ರ ಪಿಂಚಣಿ ಕಂಡು ನನಗೆ ಹೊಟ್ಟೆಕಿಚ್ಚಿಲ್ಲ. ನನಗೆ ಅಕ್ಷರ ಕಲಿಸಿದ ಮೇಷ್ಟ್ರು ಹಳೇ ಪಿಂಚಣಿಯವರು. ಕೊನೇ ಮೂಲವೇತನದ ಅರ್ಧ, ಮೇಲೆ ತುಟ್ಟಿಭತ್ಯೆ. ಈ ವಯಸ್ಸಲ್ಲೂ ಯಾರ ಮುಂದೆಯೂ ಕೈಯೊಡ್ಡದೆ ಮಾತ್ರೆ ತರಿಸ್ತಾರೆ, ಮೊಮ್ಮಕ್ಕಳಿಗೆ ಬಟ್ಟೆ ಕೊಡಿಸ್ತಾರೆ. ಮುಪ್ಪು ಅಂದ್ರೆ ಹಾಗಿರಬೇಕು. ಅದನ್ನ ಕಿತ್ಕೊಳ್ಳಿ ಅನ್ನೋನು ನಾನಲ್ಲ.

ನನ್ನ ಪ್ರಶ್ನೆ ಬೇರೆ. ತುಟ್ಟಿಭತ್ಯೆ ಅಂದರೇನು? ಪೇಟೆಯಲ್ಲಿ ಬೆಲೆ ಏರಿತು, ಅದಕ್ಕೆ ತಕ್ಕಂತೆ ದುಡ್ಡೂ ಏರಲಿ ಅನ್ನೋ ಲೆಕ್ಕ. ಜನವರಿ, ಜುಲೈ ಅಂತ ವರ್ಷಕ್ಕೆ ಎರಡು ಸಲ. ನ್ಯಾಯವಾದ ಲೆಕ್ಕವೇ. ಆದರೆ ಬೇಳೆ, ಎಣ್ಣೆ, ಮಾತ್ರೆ ತುಟ್ಟಿಯಾಗೋದು ಸರ್ಕಾರಿ ನೌಕರರ ಮನೇಲಿ ಮಾತ್ರವಾ? ನಮ್ಮವ್ವನಿಗೆ 78 ವರ್ಷ. ಸಂಧ್ಯಾ ಸುರಕ್ಷಾ ಬರುತ್ತೆ, ತಿಂಗಳಿಗೆ 1,200 ರೂಪಾಯಿ. ಇನ್ನು ದಿಲ್ಲಿ ಸರ್ಕಾರ ಬಡ ವೃದ್ಧರ ವೇತನಕ್ಕೆ ಕೊಡೋ ಪಾಲು ಕೇಳಿ: 80 ತುಂಬುವವರೆಗೆ ತಿಂಗಳಿಗೆ 200. 2007ರಲ್ಲೂ 200, ಈಗಲೂ 200. ಅವತ್ತಿನ ಬೇಳೆ ರೇಟೇನು, ಇವತ್ತಿನದೇನು? ಆ 200ಕ್ಕೆ ಯಾವ ಜನವರಿಯೂ ಬರಲಿಲ್ಲ, ಯಾವ ಜುಲೈಯೂ ಬರಲಿಲ್ಲ.

"ನೀವೂ ಪಿಂಚಣಿ ಸ್ಕೀಮಿಗೆ ಸೇರಬಹುದಿತ್ತಲ್ಲ" ಅಂದ ಆ ಹುಡುಗ. ಸೇರೋಕೆ ಹೋಗಿದ್ದೆ ಕಣಪ್ಪ. 2015ರಲ್ಲಿ ಅಟಲ್ ಪಿಂಚಣಿ ಬಂತು, 18ರಿಂದ 40 ವರ್ಷದೊಳಗಿನವರಿಗೆ. ನನಗಾಗಲೇ 46. 2019ರಲ್ಲಿ ಸಣ್ಣ ರೈತರಿಗೇ ಅಂತ ಕಿಸಾನ್ ಮಾನ್‌ಧನ್ ಬಂತು, 60 ಆದ ಮೇಲೆ ತಿಂಗಳಿಗೆ 3,000. ಅದಕ್ಕೂ 40ರ ಗಡಿ. ನನಗೆ 50. ಮುಪ್ಪು ಹತ್ತಿರ ಬಂದವರಿಗೇ ಬಾಗಿಲು ಮುಚ್ಚಿದ ಪಿಂಚಣಿ ಅದು. ಇನ್ನು ಇವತ್ತು 20 ವರ್ಷದ ಹುಡುಗ ಸೇರಿದ್ರೂ 40 ವರ್ಷ ಕಟ್ಟಿ ಅದೇ 3,000. ಆವಾಗ ಅದಕ್ಕೆ ಎಷ್ಟು ಸೇರು ಅಕ್ಕಿ ಬರುತ್ತೋ!

ಹಂಗಾದ್ರೆ ನಮ್ಮ ಪಿಂಚಣಿ ಯಾವುದು? ಮಕ್ಕಳು. ಹಿಂದಿನಿಂದಲೂ ಅಷ್ಟೆ. ಈಗ ಬೆಂಗಳೂರಿನ ವಿಷಯ ಬರುತ್ತೆ, ನೋಡಿ. ನನ್ನ ಮಗನಿಗೆ ಕೈಗೆ ಬರೋದು 42,000. ವೈಟ್‌ಫೀಲ್ಡ್ ಕಡೆ ಒಂದು ರೂಮು, ಒಂದು ಹಾಲು, ಅಡುಗೆಮನೆ, ಬಾಡಿಗೆ 18,000. ಊರಲ್ಲಿ ಕೇಳಿದವರಿಗೆ ಸಂಬಳ ಕಾಣುತ್ತೆ, ಬಾಡಿಗೆ ಕಾಣಲ್ಲ. ನಾನು ನನ್ನ ಲೆಕ್ಕದಲ್ಲಿ ಹೇಳ್ತೀನಿ. 2025-26ರಲ್ಲಿ ರಾಗಿ ಬೆಂಬಲ ಬೆಲೆ ಕ್ವಿಂಟಲಿಗೆ 4,886 ಇತ್ತು. ಅವನ ಒಂದು ತಿಂಗಳ ಬಾಡಿಗೆ ಅಂದ್ರೆ 3 ಕ್ವಿಂಟಲ್ 68 ಕೆಜಿ ರಾಗಿ. ಮಳೆ ಚೆನ್ನಾಗಿ ಆದ್ರೆ ನನ್ನ ಖುಷ್ಕಿಯಲ್ಲಿ ಎಕರೆಗೆ ಏಳೆಂಟು ಕ್ವಿಂಟಲ್. ಅಂದ್ರೆ ತಿಂಗಳ ಬಾಡಿಗೆಗೆ ಅರ್ಧ ಎಕರೆ ಬೆಳೆ ಹೋಯ್ತು. ಗೊಬ್ಬರ, ಉಳುಮೆ, ಕೂಲಿ ಇನ್ನೂ ಕಳೆದಿಲ್ಲ.

ಅಡ್ವಾನ್ಸ್ ಹತ್ತು ತಿಂಗಳದು, 1,80,000. ಅದಕ್ಕೆ ಎರಡು ಹಸು ಮಾರಿದೆ, ಮನೆಯವಳ ಸರ ಗಿರವಿ ಇಟ್ಟೆ. ನನ್ನ ಎರಡೆಕರೆ ರಾಗಿಯ ಎರಡೂವರೆ ವರ್ಷದ ಬೆಳೆ ಯಾರದೋ ಮನೆ ಓನರ್ ಹತ್ತಿರ ಬಡ್ಡಿಯಿಲ್ಲದೆ ಕೂತಿದೆ. ಬಡ್ಡಿ ನಾನು ಕಟ್ತಿದ್ದೀನಿ.

2025ರ ಏಪ್ರಿಲಲ್ಲಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿತು. ಬೆಂಗಳೂರಲ್ಲಿ ಎಷ್ಟು ಕೂಗಾಟ! ಅದೇ ವರ್ಷ ಬಸ್ ದರ ಶೇ 15 ಏರಿತ್ತು, ಮೆಟ್ರೋ ಗರಿಷ್ಠ ದರ 60ರಿಂದ 90 ಆಗಿತ್ತು. ಅದಕ್ಕೂ ಕೂಗಿದ್ರು, ಸರಿನೇ. ಆದರೆ ಎಲ್ಲಕ್ಕಿಂತ ದೊಡ್ಡ ತುತ್ತು ನುಂಗೋದು ಬಾಡಿಗೆ. ಅದರ ವಿರುದ್ಧ ಬೀದಿಗಿಳಿಯೋರು ಕಾಣೆ. ಬಾಡಿಗೆ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಬೇಡ ಅಂತ ಕೇಂದ್ರ ಸರ್ಕಾರ 2021ರಲ್ಲೇ ಮಾದರಿ ಕಾನೂನು ಮಾಡಿ ರಾಜ್ಯಗಳಿಗೆ ಕೊಟ್ಟಿದೆ. ನನ್ನ ಹಸು ಹೋಗಿದ್ದು ಅದಾದ ಮೇಲೆ.

ಆ ಹುಡುಗನಿಗೂ ಒಂದು ಮಾತು. ಮೇಷ್ಟ್ರ ಪಿಂಚಣಿ ಬೈಯೋ ಮುಂಚೆ ನಿನ್ನದನ್ನ ನೋಡ್ಕೋ. ಪಿಎಫ್ ಜೊತೆಗಿನ ಪಿಂಚಣಿ ಲೆಕ್ಕ ಹಾಕೋದು 15,000 ಸಂಬಳದ ಮಿತಿ ಮೇಲೆ. 35 ವರ್ಷ ದುಡಿದ್ರೂ ಏಳೂವರೆ ಸಾವಿರದ ಆಸುಪಾಸು, ತುಟ್ಟಿಭತ್ಯೆ ಇಲ್ಲ. ಕನಿಷ್ಠ ಪಿಂಚಣಿ 2014ರಿಂದ ಸಾವಿರ ರೂಪಾಯಲ್ಲೇ ನಿಂತಿದೆ. ಇವತ್ತು 18,000 ಬಾಡಿಗೆ ಕಟ್ಟೋ ನನ್ನ ಮಗ ಮುಪ್ಪಲ್ಲಿ ಅದರ ಅರ್ಧವೂ ಇಲ್ಲದ ಪಿಂಚಣಿ ತಗೋತಾನೆ. ಅವನು ನನ್ನ ಸಾಕೋದು ಹೆಂಗೆ? ಅವನನ್ನ ಸಾಕೋರು ಯಾರು?

ಖಜಾನೆ ಖಾಲಿಯಾಗುತ್ತೆ ಅನ್ನೋದು ಸುಳ್ಳಲ್ಲ. ಹಳೇ ಪಿಂಚಣಿಯ ಭಾರ ಮುಂದಿನ ಮಕ್ಕಳ ಮೇಲೇ ಬೀಳೋದು. ಹಾಗಂತ ದುಡ್ಡಿಲ್ಲ ಅನ್ನೋ ಮಾತು ಎಲ್ಲರಿಗೂ ಒಂದೇ ಥರ ಹೇಳಲ್ಲವಲ್ಲ. 2023ರ ಮಾರ್ಚ್ 1ಕ್ಕೆ ನೌಕರರು ಕೆಲಸ ನಿಲ್ಲಿಸಿದ್ರು. ಅವತ್ತೇ ಶೇ 17 ಮಧ್ಯಂತರ ಏರಿಕೆ ಸಿಕ್ತು. ಕೇಂದ್ರ ನೌಕರರಿಗೆ 2025ರ ಏಪ್ರಿಲಿಂದ ಏಕೀಕೃತ ಪಿಂಚಣಿ ಬಂತು; ಹತ್ತು ವರ್ಷ ಸೇವೆ ಮಾಡಿದವರಿಗೂ ಕನಿಷ್ಠ 10,000. ಅವರಿಗೆ ಸಂಘ ಇದೆ, ಕೇಳಿದ್ರು, ಸಿಕ್ತು. ನಮ್ಮವ್ವ ಕೆಲಸ ನಿಲ್ಲಿಸಿದ್ರೆ ಯಾವ ಮಂತ್ರಿ ಬರ್ತಾನೆ? ಎಪ್ಪತ್ತೆಂಟಕ್ಕೂ ಕಳೆ ಕೀಳೋಕೆ ಬರ್ತಾಳೆ, ಪುಣ್ಯಾತ್ಗಿತ್ತಿ.

ನಾನು ಕೇಳೋದು ಮೂರು. ಸಂಧ್ಯಾ ಸುರಕ್ಷಾ, ವೃದ್ಧಾಪ್ಯ ವೇತನ, ಪಿಎಫ್ ಪಿಂಚಣಿ, ಇವಕ್ಕೂ ತುಟ್ಟಿ ಲೆಕ್ಕ ಕಟ್ಟಿ. ನೌಕರರದು ಏರಿದ ದಿನವೇ ಇವೂ ಶೇಕಡಾವಾರು ಏರಲಿ. ನಲವತ್ತು ದಾಟಿದ ರೈತರಿಗೂ ಬಾಗಿಲು ತೆಗೀರಿ, ಹೆಚ್ಚಿಗೆ ಕಂತು ಕಟ್ತೀವಿ. ಅಡ್ವಾನ್ಸ್ ಎರಡೇ ತಿಂಗಳು ಅನ್ನೋ ಕಾನೂನು ನಮ್ಮ ರಾಜ್ಯದಲ್ಲೂ ತಂದು, ಬೆಂಗಳೂರಿನ ಬೀದಿಬೀದಿಯಲ್ಲಿ ಜಾರಿ ಮಾಡಿ. ಹಳೇ ಪಿಂಚಣಿ ಬೇಕು ಅನ್ನೋ ಮೇಷ್ಟ್ರು ಈ ಮೂರನ್ನೂ ತಮ್ಮ ಬ್ಯಾನರಲ್ಲಿ ಬರೆದರೆ ಮೊದಲನೇ ಸಾಲಲ್ಲಿ ನಾನೇ ನಿಲ್ತೀನಿ. ಬರೆಯದಿದ್ರೆ ಅದು ನಿಮ್ಮ ಜಗಳ, ನಮ್ಮದಲ್ಲ.

ಹೋದ ವಾರ ಬ್ರೋಕರ್ ಒಬ್ಬ ಬಂದಿದ್ದ. "ತೆಂಗಿನ ಒಂದೆಕರೆ ಕೊಟ್ಬಿಡಿ, ಮಗನಿಗೂ ಸಲೀಸು, ನಿಮಗೂ ಸಲೀಸು" ಅಂದ. ಕಾಫಿ ಕುಡಿಸಿ ಕಳಿಸಿದೆ. ಸದ್ಯಕ್ಕೆ ಕಳಿಸಿದೀನಿ. ಮಂಡಿ ಪೂರ್ತಿ ಕೈಕೊಟ್ಟ ದಿನ ಏನು ಹೇಳ್ತೀನೋ ನನಗೇ ಗೊತ್ತಿಲ್ಲ.

ನಾಳೆ ಕೊಯ್ಲಿಗೆ ಆರು ಆಳು ಹೇಳಿದೀನಿ. ಮೊದಲ ಮೂಟೆ ಹಿಟ್ಟು ಮಾಡಿಸಿ ಬೆಂಗಳೂರಿಗೆ ಕಳಿಸ್ಬೇಕು.